‘ಪ್ರಾರ್ಥನೆ ಮಾಡ್ತೀವಿ’ ಅಂದ ಮೇಲೆ ಏನು?

ನಿಮ್ಮ ಫೋನಿನಲ್ಲೂ ಅಂಥದ್ದೊಂದು ಗ್ರೂಪ್ ಇದ್ದೇ ಇರುತ್ತದೆ. ಚರ್ಚಿನದ್ದೋ, ಓಣಿಯದ್ದೋ, ಹಳೆ ಕಾಲೇಜಿನದ್ದೋ. ಒಬ್ಬರ ಮನೆಯಲ್ಲಿ ಕಾಯಿಲೆ, ಇನ್ನೊಬ್ಬರಿಗೆ ಕೆಲಸ ಹೋಗಿದೆ, ಮತ್ತೊಬ್ಬರ ಮನೆಯಲ್ಲಿ ಸಾವು. ಸುದ್ದಿ ಬಿದ್ದ ಐದೇ ನಿಮಿಷಕ್ಕೆ ಕೈಮುಗಿದ ಇಮೋಜಿಗಳು ಸಾಲುಗಟ್ಟುತ್ತವೆ. ‘ಪ್ರಾರ್ಥನೆ ಮಾಡ್ತೀವಿ’, ‘ದೇವರು ನೋಡ್ಕೋತಾನೆ’, ‘ಧೈರ್ಯವಾಗಿರಿ’. ಅಷ್ಟರಲ್ಲಿ ಯಾರೋ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹಾಕುತ್ತಾರೆ. ಸುದ್ದಿ ಮೇಲಕ್ಕೆ ಸರಿದು ಕಣ್ಮರೆಯಾಗುತ್ತದೆ. ಆ ಮನೆಯವರಿಗೆ ಮಾತ್ರ ಇಡೀ ರಾತ್ರಿ ಇನ್ನೂ ಬಾಕಿ ಇರುತ್ತದೆ.

ನಾನೂ ಪ್ರಾರ್ಥನೆ ಮಾಡುವವಳೇ. ಪ್ರಾರ್ಥನೆ ಬೇಡ ಅಂತ ಹೇಳೋಕೆ ಇದನ್ನು ಬರೀತಿಲ್ಲ. ಆ ಎರಡು ಪದ ಟೈಪ್ ಮಾಡಿದ ಮೇಲೆ ನಮ್ಮ ಕಾಲು ಎಲ್ಲಿಗೆ ಹೋಗಬೇಕು, ಬಾಯಿ ಎಷ್ಟು ಆಡಬೇಕು ಅನ್ನೋದನ್ನ ನಮ್ಮೂರಿನ ಒಂದು ಸಣ್ಣ ಸಭೆ ನನಗೆ ತೋರಿಸಿಕೊಟ್ಟಿತು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು.

ಕೊಡದ ನೀರಿನಿಂದ ಶುರುವಾದ ಸಭೆ

ನಮ್ಮೂರು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ ಸುತ್ತಲಿನ ಹಳ್ಳಿಗಳಲ್ಲೊಂದು. ಊರಿನ ಹೆಸರು ಬೇಡ. ಇಲ್ಲಿ ಬರುವವರೆಲ್ಲ ಈಗಲೂ ಭಾನುವಾರ ಒಂದೇ ಚಾಪೆ ಮೇಲೆ ಕೂಡುವವರು. ನಾನು ಹೈದರಾಬಾದಿನಲ್ಲಿ ಕೆಲಸ ಮಾಡ್ತೀನಿ. ಊರಿಗೆ ಹೋಗಬೇಕಂದ್ರೆ ತಾಂಡೂರಿನ ತನಕ ರೈಲು, ಅಲ್ಲಿಂದ ಬಸ್ಸು. ದಾರಿಯಲ್ಲಿ ಧಾರೂರು ಸ್ಟೇಷನ್ ಸಿಗುತ್ತದೆ. ಪ್ರತಿ ನವೆಂಬರಿನಲ್ಲಿ ಅಲ್ಲಿ ಮೆಥೋಡಿಸ್ಟ್ ಸಭೆಯ ದೊಡ್ಡ ಜಾತ್ರೆ. ನಮ್ಮ ಕಡೆಯಿಂದಲೂ ಜನ ಗಂಟುಮೂಟೆ ಕಟ್ಟಿಕೊಂಡು ಹೋಗಿ, ಮರದ ಕೆಳಗೆ ಒಲೆ ಹೂಡಿ, ಭಜನೆ ಮಾಡಿ ಬರ್ತಾರೆ. ‘ಕ್ರಿಶ್ಚಿಯನ್ಸಿಗೂ ಜಾತ್ರೆ ಇರುತ್ತಾ?’ ಅಂತ ಬೆಂಗಳೂರಿನ ಗೆಳತಿಯರು ಕೇಳ್ತಾರೆ. ನಮ್ಮ ಕಡೆ ಇರುತ್ತೆ. ಶರಣಬಸವೇಶ್ವರರ ತೇರು, ಬಂದೇನವಾಜರ ಉರುಸು ನಡೆಯುವ ಜಿಲ್ಲೆಯವರು ನಾವು. ದೇವರನ್ನು ಗುಂಪಿನಲ್ಲೇ, ಊಟದ ಜೊತೆಗೇ ಹುಡುಕಿ ರೂಢಿ.

ನಮ್ಮ ಸಭೆ ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ, ನಿಜಾಮರ ಕಾಲದಲ್ಲಿ. ಆಗ ನಮ್ಮವರು ಊರ ಬಾವಿ ಮುಟ್ಟುವ ಹಾಗಿರಲಿಲ್ಲ. ಮೊದಲ ಸಲ ಕೇರಿಗೆ ಬಂದ ಬೋಧಕರು ಏನು ಪ್ರಸಂಗ ಮಾಡಿದರು ಅನ್ನೋದು ನಮ್ಮ ಮುತ್ಯಾನಿಗೆ ನೆನಪೇ ಇರಲಿಲ್ಲ. ಅವರು ನಮ್ಮ ಮನೆಯ ಹೊರಸಿನ ಮೇಲೆ ಕೂತು, ನಮ್ಮ ಕೊಡದ ನೀರು ಕೇಳಿ ಕುಡಿದರು ಅನ್ನೋದನ್ನ ಮಾತ್ರ ಸಾಯುವ ತನಕ ಹೇಳ್ತಿದ್ದ. ಒಂದು ಸಭೆಯ ಬುನಾದಿ ಎಲ್ಲಿರುತ್ತೆ ಅಂತ ಯಾರಾದರೂ ಕೇಳಿದರೆ ನನಗೆ ಆ ನೀರಿನ ಚೊಂಬೇ ಕಣ್ಣ ಮುಂದೆ ಬರುತ್ತೆ.

ನಿಂತಲ್ಲೇ ಒಣಗಿದ ಹೊಲ

ಅಪ್ಪ ಸಭೆಯಲ್ಲಿ ಢೋಲಕ್ ಬಾರಿಸುವವನು. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಕಸ ಹೊಡೆದು ಚಾಪೆ ಹಾಸುವವನು. ಇರೋದು ನಾಲ್ಕು ಎಕರೆ ಹೊಲ, ಅದರಲ್ಲಿ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಪೇಪರಿನಲ್ಲಿ ಬಂದಿತ್ತು. ಅಪ್ಪ ಆ ಪೇಪರನ್ನು ಮಡಚಿ ಬೈಬಲ್ ಒಳಗೆ ಇಟ್ಟುಕೊಂಡಿದ್ದ.

2022ರ ಹಿಂಗಾರಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿಯಿತು. ಗೊತ್ತಿಲ್ಲದವರಿಗೆ ಹೇಳ್ತೀನಿ. ಇದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ರೋಗ. ಬೇರಿನಿಂದ ಹತ್ತಿ ಒಳಗೊಳಗೇ ಗಿಡಕ್ಕೆ ನೀರು ಏರದಂತೆ ಮಾಡುತ್ತದೆ. ಹೂ ಬಿಟ್ಟು, ಕಾಯಿ ಕಟ್ಟುತ್ತಿದ್ದ ಗಿಡ ನಿಂತಲ್ಲೇ ಬಾಡುತ್ತದೆ. ಮೇಲಿನಿಂದ ಎಣ್ಣೆ ಹೊಡೆದರೆ ಪ್ರಯೋಜನ ಇಲ್ಲ, ಯಾಕಂದ್ರೆ ರೋಗ ಎಲೆಯಲ್ಲಿಲ್ಲ. ಪರಿಹಾರದ ಘೋಷಣೆ ಆಯಿತು, ಅರ್ಜಿ ಹಾಕಿದ್ದೂ ಆಯಿತು. ಆದರೆ ಬೀಜ, ಗೊಬ್ಬರ ಉದ್ರಿ ಕೊಟ್ಟ ಅಂಗಡಿಯವನು ಅಲ್ಲಿಯ ತನಕ ಕಾಯುವವನಲ್ಲ.

ಕ್ರಿಸ್‌ಮಸ್ಸಿಗೆ ನಾನು ಊರಿಗೆ ಹೋದಾಗ ಅಪ್ಪ ಸಭೆಗೆ ಬರೋದು ಬಿಟ್ಟಿದ್ದ. ಢೋಲಕ್ ಗೂಟಕ್ಕೆ ನೇತುಬಿದ್ದಿತ್ತು. ಸರಿಯಾಗಿ ಉಣ್ಣುತ್ತಿರಲಿಲ್ಲ, ನಸುಕಿನ ಮೂರಕ್ಕೇ ಎದ್ದು ಹೊಲದ ಬದುವಿನ ಮೇಲೆ ಹೋಗಿ ಕೂಡುತ್ತಿದ್ದ. ಕೇಳಿದರೆ ‘ಏನಿಲ್ಲವ್ವಾ’ ಅನ್ನೋದೊಂದೇ ಮಾತು. ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: ‘ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ಮನ್ಯಾಗ ಇಟ್ಟಿಲ್ಲ ನಾ. ತಮ್ಮನ ಮನಿಗಿ ಕಳಿಸೀನಿ.’ ಯಾಕೆ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮಾತು ಹೆಚ್ಚಾದ ಮನೆ

ಆ ದಿನಗಳಲ್ಲಿ ನಮ್ಮ ಮನೆಗೆ ಜನ ಬರಲಿಲ್ಲ ಅಂತಲ್ಲ. ಬಂದರು. ಒಳ್ಳೆ ಮನಸ್ಸಿನಿಂದಲೇ ಬಂದರು. ಒಬ್ಬರು ‘ದಶಮಾಂಶ ಬರೋಬರಿ ಕೊಟ್ಟೀರಿಲ್ಲೋ?’ ಅಂತ ವಿಚಾರಿಸಿದರು. ಇನ್ನೊಬ್ಬರು ‘ವಿಶ್ವಾಸ ಕಮ್ಮಿ ಆಗ್ಯಾದ ನಿಮ್ದು, ಉಪವಾಸ ಹಿಡೀರಿ’ ಅಂದರು. ಮೊದಲೇ ಊಟ ಬಿಟ್ಟ ಮನುಷ್ಯನಿಗೆ! ಮತ್ತೊಬ್ಬರು ‘ನಿಮ್ದೇನೂ ಅಲ್ಲ ಬಿಡ್ರಿ, ಅವರ ಮನ್ಯಾಗ ನೋಡ್ರಿ’ ಅಂತ ಇನ್ನೂ ದೊಡ್ಡ ಕಷ್ಟದ ಕತೆ ಹೇಳಿದರು. ಯಾರೋ ಅಪ್ಪನ ಹೆಸರು ಹಾಕಿ, ತಲೆ ಸರಿ ಇಲ್ಲ, ಪ್ರಾರ್ಥಿಸಿ ಅಂತ ಗ್ರೂಪಿಗೆ ಹಾಕಿದರು. ಎರಡು ದಿನ ಬಿಟ್ಟು ಪಕ್ಕದೂರಿನ ಕಿರಾಣಿ ಅಂಗಡಿಯಲ್ಲಿ ಯಾರೋ ‘ಈಗ ತಲಿ ಹ್ಯಾಂಗದರಿ?’ ಅಂತ ಅಪ್ಪನನ್ನೇ ಕೇಳಿದರು. ಅವತ್ತಿನಿಂದ ಅವನು ಅಂಗಡಿಗೆ ಹೋಗೋದೂ ಬಿಟ್ಟ.

ಬೈಬಲಿನಲ್ಲಿ ಯೋಬನ ಕತೆ ಇದೆ. ಒಂದೇ ಏಟಿಗೆ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡವನು. ಅವನ ಮೂವರು ಗೆಳೆಯರು ಸುದ್ದಿ ಕೇಳಿ ದೂರದಿಂದ ಬರ್ತಾರೆ. ಏಳು ಹಗಲು, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂಡ್ತಾರೆ, ಒಂದೂ ಮಾತಾಡದೆ. ಅಲ್ಲಿಯ ತನಕ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಎಂಟನೇ ದಿನದಿಂದ ಬಾಯಿ ತೆಗೀತಾರೆ ನೋಡಿ, ನೀನು ಏನೋ ಪಾಪ ಮಾಡಿರಬೇಕು, ಅದಕ್ಕೇ ಹೀಗಾಯಿತು ಅಂತ ಶುರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗೋದು ಆ ಗೆಳೆಯರ ಮೇಲೆ, ಗೋಳಾಡಿದ ಯೋಬನ ಮೇಲಲ್ಲ. ಎಷ್ಟೋ ಸಲ ಈ ಕತೆಯ ಮೇಲೆ ಪ್ರಸಂಗ ಕೇಳಿದ್ದೆ. ಅದರ ಅರ್ಥ ಆದದ್ದು ಮಾತ್ರ ನಮ್ಮ ಮನೆಯ ಪಡಸಾಲೆಯಲ್ಲಿ.

‘ಕುಂದ್ರಲಾಕ ಬಂದೀನಿ’

ನಮ್ಮ ಸಭೆಯಲ್ಲಿ ಒಬ್ಬ ಆಯಿ ಇದ್ದಾಳೆ. ಎಪ್ಪತ್ತು ದಾಟಿರಬೇಕು. ಗಂಡ ಇಲ್ಲ, ಓದು ಬರೋದಿಲ್ಲ, ಬೈಬಲನ್ನು ಕಿವಿಯಿಂದಲೇ ಕಲಿತವಳು. ಒಂದು ಮಧ್ಯಾಹ್ನ ಬಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಕಟ್ಟಿಕೊಂಡು ಬಂದಳು. ‘ಬಾ ಆಯಿ, ಏನ್ ಬಂದಿ?’ ಅಂತ ಅವ್ವ ಕೇಳಿದ್ದಕ್ಕೆ ‘ಕುಂದ್ರಲಾಕ ಬಂದೀನಿ’ ಅಂದಳು. ಅಷ್ಟೇ. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅವಳು ಆಚೆ ಕಂಬಕ್ಕೆ ಒರಗಿ ಕೂತಳು. ಮೊರದಲ್ಲಿದ್ದ ಜೋಳ ಎಳೆದುಕೊಂಡು ಹರಳು ಆರಿಸಿದಳು. ಒಂದು ತಾಸು ಆದ ಮೇಲೆ ಎದ್ದು ಹೋದಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ.

ನಾಲ್ಕನೇ ದಿನ ಅಪ್ಪ ತಾನಾಗಿ ಕೇಳಿದ: ‘ಛಾ ಕುಡಿತಿ ಏನ್ ಆಯಿ?’

ಎಷ್ಟೋ ದಿನಗಳ ನಂತರ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಒಳಗೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ನಾನು ಆಯಿಗೆ ಕೇಳಿದೆ, ಏನೂ ಹೇಳದೆ ಹೇಗೆ ಕೂತಿದ್ದಿ ಅಂತ. ‘ಏನ್ ಹೇಳಬೇಕಂತ ನನಗೆಲ್ಲಿ ತಿಳೀತದವ್ವಾ? ಕುಂದ್ರಲಾಕ ಬರ್ತದ, ಕುಂತೆ’ ಅಂದಳು.

ನಮ್ಮ ಕಡೆ ಇಂಥವರಿಗೆ ‘ಅಂತಃಕರಣ ಇದ್ದ ಮನುಷ್ಯ’ ಅಂತಾರೆ. ಕನ್ನಡ ಬೈಬಲಿನಲ್ಲಿ ಯೇಸು ಜನರನ್ನು ನೋಡಿ ‘ಕನಿಕರ’ಪಟ್ಟ ಅಂತ ಮತ್ತೆ ಮತ್ತೆ ಬರುತ್ತದೆ. ಸುವಾರ್ತೆಗಳ ಮೂಲ ಗ್ರೀಕ್ ಭಾಷೆಯಲ್ಲಿ ಆ ಪದ ಹುಟ್ಟಿರೋದು ಹೊಟ್ಟೆಯೊಳಗಿನ ಅಂಗಗಳ ಹೆಸರಿನಿಂದ. ಇದನ್ನು ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ‘ಕರುಳು ಚುರ್ ಅಂತು’ ಅಂತ ದಿನಾ ಹೇಳೋದೇ ಅದು. ಕನಿಕರ ಮೊದಲು ಹೊಟ್ಟೆಗೆ ತಟ್ಟುತ್ತೆ. ಬಾಯಿಗೆ ಬರೋದು ಆಮೇಲೆ. ಕೆಲವೊಮ್ಮೆ ಬಾಯಿಗೆ ಬರಲೇಬೇಕು ಅಂತಲೂ ಇಲ್ಲ.

ಮಾಳಿಗೆ ಬಿಚ್ಚಿದವರು

ಆಯಿಯ ನಂತರ ಸಭೆಯ ಗಂಡಸರು ಬಂದರು, ಐದಾರು ಮಂದಿ, ಕೈಯಲ್ಲಿ ಕುಡಗೋಲು, ಕೊಡಲಿ. ಅಪ್ಪನನ್ನು ಏನೂ ಕೇಳಲಿಲ್ಲ, ಅವ್ವನಿಗೆ ಒಂದು ಮಾತು ಹೇಳಿ ಸೀದಾ ಹೊಲಕ್ಕೆ ಹೋದರು. ಒಣಗಿ ನಿಂತಿದ್ದ ತೊಗರಿಯನ್ನೆಲ್ಲ ಎರಡು ದಿನದಲ್ಲಿ ಕಡಿದು, ಕಟ್ಟಿಗೆ ಒಟ್ಟಿ, ಹೊಲ ಬಯಲು ಮಾಡಿದರು. ನಸುಕಿನಲ್ಲಿ ಎದ್ದು ಹೋಗಿ ಅಪ್ಪ ದಿನಾ ನೋಡುತ್ತಿದ್ದದ್ದು ಅದನ್ನೇ ಅಲ್ಲವಾ? ಅದು ಕಣ್ಣ ಮುಂದಿನಿಂದ ಹೋಯಿತು. ಸಾಲ ತೀರಲಿಲ್ಲ, ಬೆಳೆ ವಾಪಸ್ ಬರಲಿಲ್ಲ. ಆದರೆ ಮೂರನೇ ದಿನ ಅಪ್ಪ ಬದುವಿನ ಮೇಲೆ ಕೂಡದೆ, ಹೊಲದೊಳಗೆ ಇಳಿದು ಮಣ್ಣು ಮುಟ್ಟಿ ನೋಡಿದ.

ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಲಕ್ವಾ ಹೊಡೆದ ಒಬ್ಬನ ಕತೆ ಇದೆ. ಕಪೆರ್ನೌಮಿನ ಒಂದು ಮನೆಯಲ್ಲಿ ಯೇಸು ಇದ್ದಾನೆ, ಬಾಗಿಲ ತುಂಬ ಜನ. ನಾಲ್ಕು ಮಂದಿ ರೋಗಿಯನ್ನು ಹೊತ್ತು ತರ್ತಾರೆ, ಒಳಗೆ ಹೋಗಲು ಜಾಗವಿಲ್ಲ. ಮಾಳಿಗೆ ಹತ್ತಿ, ಅದನ್ನು ಬಿಚ್ಚಿ, ದೋರಗಟ್ಟಿ ಮಾಡಿ ಅವನನ್ನು ಹಾಸಿಗೆ ಸಮೇತ ಕೆಳಗಿಳಿಸ್ತಾರೆ. ಪಟ್ಟಣದ ಮಕ್ಕಳಿಗೆ ಈ ಕತೆ ವಿಚಿತ್ರ ಅನ್ನಿಸಬಹುದು. ನಮ್ಮ ಸಂಡೇ ಸ್ಕೂಲಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನಮ್ಮವೂ ಮಣ್ಣಿನ ಮಾಳಿಗೆ ಮನೆಗಳೇ. ಮಾಳಿಗೆ ಹೇಗೆ ಬಿಚ್ಚೋದು, ಬಿಚ್ಚಿದರೆ ಎಷ್ಟು ಮಣ್ಣು ಬೀಳುತ್ತೆ ಅನ್ನೋದು ಪ್ರತಿ ಮಗುವಿಗೂ ಗೊತ್ತು.

ಆ ಕತೆಯಲ್ಲಿ ಎರಡು ವಿಷಯ ನನಗೆ ಈಗ ಕಾಣುತ್ತೆ. ಆ ನಾಲ್ವರು ಕತೆಯುದ್ದಕ್ಕೂ ಒಂದೂ ಮಾತಾಡೋದಿಲ್ಲ. ಹೊರೋದು, ಹತ್ತೋದು, ಬಿಚ್ಚೋದು, ಇಳಿಸೋದು, ಬರೀ ಕೆಲಸ. ಇನ್ನೊಂದು, ಯೇಸು ಕಂಡದ್ದು ‘ಅವರ’ ನಂಬಿಕೆಯನ್ನು ಅಂತ ಬರೆದಿದೆ, ಹೊತ್ತು ತಂದವರ ನಂಬಿಕೆಯನ್ನೂ ಸೇರಿಸಿ. ಹಾಸಿಗೆ ಮೇಲಿದ್ದವನಿಗೆ ಎಷ್ಟು ವಿಶ್ವಾಸ ಇತ್ತು ಅಂತ ಯಾರೂ ಅಳೆಯಲಿಲ್ಲ. ‘ವಿಶ್ವಾಸ ಕಮ್ಮಿ ಆಗ್ಯಾದ’ ಅಂದವರಿಗೆ ನನ್ನ ಉತ್ತರ ಇದೇ. ಆಗಿರಬಹುದ್ರಿ. ಒಬ್ಬರ ವಿಶ್ವಾಸ ಕಮ್ಮಿ ಆದಾಗ ಉಳಿದವರು ಹೆಗಲು ಕೊಟ್ಟು ಹೊರಲಿ ಅಂತಲೇ ಸಭೆ ಇರೋದು. ಎಲ್ಲರೂ ತಮ್ಮ ಕಾಲ ಮೇಲೆ ತಾವೇ ನಡೆದು ಬರೋದಾಗಿದ್ದರೆ ಸಭೆ ಯಾಕೆ ಬೇಕಿತ್ತು?

ಗುಳಿಗಿಯೂ ದೇವರದ್ದೇ

ಆ ಗಂಡಸರಲ್ಲೊಬ್ಬರು ಅಪ್ಪನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಖಿನ್ನತೆ ಅಂದರು, ಔಷಧಿ ಕೊಟ್ಟರು. ಮನಸ್ಸಿಗೆ ಗುಳಿಗೆ ನುಂಗೋದಂದ್ರೆ ನಮ್ಮೂರಲ್ಲಿ ಈಗಲೂ ಮುಚ್ಚಿಟ್ಟುಕೊಳ್ಳುವ ವಿಷಯ. ನಮ್ಮ ಅಯ್ಯನವರು ಯಾರ ಹೆಸರೂ ಹೇಳದೆ ಒಂದು ಭಾನುವಾರ ಪ್ರಸಂಗದ ನಡುವೆ ಅಂದರು: ‘ಸಕ್ರಿ ಕಾಯಿಲಿಗಿ ಗುಳಿಗಿ ತಗೋತೀವಿ, ಬಿಪಿಗಿ ತಗೋತೀವಿ. ಮನಸ್ಸಿಗ್ಯಾಕ ಬ್ಯಾಡ? ಸುವಾರ್ತಿ ಬರದ ಲೂಕ ಏನ್ ಕೆಲಸ ಮಾಡ್ತಿದ್ದ? ವೈದ್ಯ ಇದ್ದ.’ ಅಷ್ಟು ಸಾಕಾಯಿತು. ಆಮೇಲಿನ ತಿಂಗಳಲ್ಲಿ ಇನ್ನಿಬ್ಬರು ಹೆಂಗಸರು ಅವ್ವನ ಹತ್ತಿರ ಬಂದು ಆ ಡಾಕ್ಟರ್ ಯಾವ ದಿನ ಸಿಗ್ತಾರೆ ಅಂತ ಮೆಲ್ಲಗೆ ಕೇಳಿಕೊಂಡು ಹೋದರು.

ನಿಮ್ಮ ಮನೆಯಲ್ಲೋ, ಪಕ್ಕದಲ್ಲೋ ಯಾರಾದರೂ ಹೀಗೆ ಮಂಕಾಗಿದ್ದರೆ ಈ ನಂಬರ್ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ: 14416. 2022ರ ಅಕ್ಟೋಬರಿನಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ ಇದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಕೀಟನಾಶಕದಂಥ ವಸ್ತು ಇದ್ದರೆ ಅವ್ವ ಮಾಡಿದ ಹಾಗೆ ಮೊದಲು ಅದನ್ನು ದೂರ ಸಾಗಿಸಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಹೆಸರು ಓದದ ಸುಗ್ಗಿ

ಮುಂದೆ ಬಂದದ್ದು ಸುಗ್ಗಿ ಹಬ್ಬ. ನಮ್ಮ ಸಭೆಯ ದೊಡ್ಡ ದಿನ. ಬೆಳೆದವರು ತೊಗರಿ, ಜೋಳ, ಕಡಲೆ, ಕೋಳಿ ತಂದು ದೇವರ ಮುಂದೆ ಇಡ್ತಾರೆ. ಆಮೇಲೆ ಹರಾಜು. ಯಾರು ಎಷ್ಟು ಕೊಟ್ಟರು ಅಂತ ಹೆಸರು ಹಿಡಿದು ಮೈಕಿನಲ್ಲಿ ಓದೋದು ರೂಢಿ. ಪ್ರತಿ ವರ್ಷ ಒಂದು ಚೀಲ ತೊಗರಿ ಹೊತ್ತು ತರುತ್ತಿದ್ದ ಅಪ್ಪನ ಹೆಸರಿನ ಮುಂದೆ ಈ ಸಲ ಏನು ಓದಬೇಕು? ಅವನು ಸಭೆ ಬಿಟ್ಟಿದ್ದಕ್ಕೆ ಬೇರಿನಲ್ಲಿದ್ದ ಕಾರಣ ಇದೇ ಆಗಿತ್ತು. ದೇವರ ಮೇಲಿನ ಸಿಟ್ಟಲ್ಲ, ಬರಿಗೈ ಅನ್ನೋ ನಾಚಿಕೆ.

ಅದನ್ನು ಅರಿತವರು ಅಯ್ಯನವರು. ಹಬ್ಬದ ಹಿಂದಿನ ಭಾನುವಾರವೇ ಹೇಳಿಬಿಟ್ಟರು: ‘ಈ ವರ್ಷ ಹೆಸರು ಓದಂಗಿಲ್ಲ. ತಂದವರು ಇಡ್ರಿ, ತರದವರು ಬಂದು ಉಣ್ರಿ.’ ದೊಡ್ಡ ಕಾಣಿಕೆ ಕೊಡುವ ಒಂದಿಬ್ಬರಿಗೆ ಇದು ಹಿಡಿಸಲಿಲ್ಲ. ಗೊಣಗಿದರು. ಹಬ್ಬದ ದಿನ ಅಪ್ಪ ಬಂದ. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತ. ಢೋಲಕ್ ಬೇರೆ ಹುಡುಗ ಬಾರಿಸಿದ, ತಾಳ ತಪ್ಪಿದಾಗ ಅಪ್ಪನ ಬೆರಳು ತೊಡೆಯ ಮೇಲೆ ತಾಳ ಹಾಕಿದ್ದನ್ನ ನಾನು ನೋಡಿದೆ. ಊಟಕ್ಕೆ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತ.

ಕನಿಕರ ಅಂದ್ರೆ ಒಬ್ಬೊಬ್ಬರ ಮನಸ್ಸಿನ ಒಳ್ಳೆಯತನ ಅಂತ ನಾವು ಅಂದುಕೊಳ್ತೀವಿ. ಆಯಿಯಲ್ಲಿ ಅದು ಇತ್ತು, ನಿಜ. ಆದರೆ ಎಲ್ಲ ಊರಿನಲ್ಲೂ ಒಬ್ಬ ಆಯಿ ಇರೋದಿಲ್ಲ. ಅದಕ್ಕೇ ಪದ್ಧತಿಗಳಲ್ಲೂ ಕನಿಕರ ಇರಬೇಕು. ಯಾರ ಹೆಸರು ಎಲ್ಲಿ ಓದ್ತೀವಿ, ಯಾರ ವಿಷಯ ಯಾವ ಗ್ರೂಪಿಗೆ ಹಾಕ್ತೀವಿ, ಬರದವರ ಬಗ್ಗೆ ‘ಯಾಕೆ ಬರ್ತಿಲ್ಲ’ ಅಂತ ಕೇಳ್ತೀವಾ, ‘ಹೇಗಿದ್ದಾರೆ’ ಅಂತ ಕೇಳ್ತೀವಾ, ಇವೆಲ್ಲ ಸಣ್ಣ ನಿಯಮಗಳು. ಒಬ್ಬ ಮನುಷ್ಯ ಒಳಗಿರ್ತಾನೋ ಹೊರಗೇ ಉಳೀತಾನೋ ಅನ್ನೋದನ್ನ ಇವೇ ತೀರ್ಮಾನ ಮಾಡ್ತವೆ. ಇದು ಚರ್ಚಿಗೆ ಎಷ್ಟು ನಿಜವೋ ನಿಮ್ಮ ಆಫೀಸಿಗೂ, ಅಪಾರ್ಟ್‌ಮೆಂಟಿಗೂ ಅಷ್ಟೇ ನಿಜ.

ದೂರದಲ್ಲಿರುವ ನಾವು ಏನು ಮಾಡಬಹುದು?

ನಮ್ಮಂಥವರು ಊರು ಬಿಟ್ಟು ದುಡಿಯುವವರು. ದಿನಾ ಹೋಗಿ ಕೂಡೋಕಾಗಲ್ಲ. ಆದರೂ ಮಾಡಬಹುದಾದ್ದು ಇದೆ. ನಾನು ಕಲಿತ ನಾಲ್ಕು ವಿಷಯ ಹೇಳ್ತೀನಿ.

ಗ್ರೂಪಿಗೆ ಹಾಕುವ ಮೊದಲು ಸಂಬಂಧಪಟ್ಟವರನ್ನು ಕೇಳಿ. ಹೆಸರು, ರೋಗ ಬರೆಯದೆಯೂ ಪ್ರಾರ್ಥನೆ ಕೇಳಬಹುದು. ದೇವರಿಗೆ ವಿಳಾಸ ಗೊತ್ತಿರುತ್ತೆ.

‘ಏನಾದ್ರೂ ಬೇಕಾದ್ರೆ ಹೇಳಿ’ ಅನ್ನಬೇಡಿ. ಕಷ್ಟದಲ್ಲಿರುವವರಿಗೆ ಏನು ಬೇಕು ಅಂತ ಹೇಳೋ ಶಕ್ತಿಯೂ ಇರೋದಿಲ್ಲ. ‘ಗುರುವಾರ ರಾತ್ರಿ ಊಟ ನಾನು ಕಳಿಸ್ತೀನಿ’, ‘ಆಸ್ಪತ್ರೆಗೆ ನಾನು ಬರ್ತೀನಿ’ ಅಂತ ಒಂದು ಕೆಲಸ ಹಿಡಿದು ಹೇಳಿ.

ಕಾರಣ ಹುಡುಕಬೇಡಿ. ಲಾಜರನನ್ನು ಎಬ್ಬಿಸಲಿಕ್ಕೇ ಹೋದ ಯೇಸು ಕೂಡ ಸಮಾಧಿ ಹತ್ತಿರ ಮೊದಲು ಅತ್ತ ಅಂತ ಯೋಹಾನ ಬರೆದಿದ್ದಾನೆ. ಪರಿಹಾರ ಕೈಯಲ್ಲೇ ಇದ್ದವನೂ ಅಳೋದಕ್ಕೆ ಸಮಯ ಕೊಟ್ಟ. ಪರಿಹಾರ ಇಲ್ಲದ ನಮಗೆ ಅವಸರ ಯಾಕೆ?

ಕೊನೆಯದು, ಎರಡನೇ ತಿಂಗಳು ಫೋನ್ ಮಾಡಿ. ಮೊದಲ ವಾರ ಎಲ್ಲರೂ ಮಾಡ್ತಾರೆ. ಮನೆ ಖಾಲಿ ಆಗೋದು ಆಮೇಲೆ.

ಇತ್ತೀಚೆಗೆ ಬೆಳೆ ಒಂದಿಷ್ಟು ಚೆನ್ನಾಗಿ ಬಂದ ವರ್ಷ, ಸುಗ್ಗಿ ಹಬ್ಬದಲ್ಲಿ ಹೆಸರು ಓದೋದು ಮತ್ತೆ ಶುರು ಮಾಡೋಣ ಅಂತ ಸಭೆಯ ಕಮಿಟಿಯಲ್ಲಿ ಮಾತು ಬಂತಂತೆ. ಅಪ್ಪ ಕಮಿಟಿ ಮೀಟಿಂಗಿನಲ್ಲಿ ಬಾಯಿ ಬಿಡುವವನೇ ಅಲ್ಲ. ಅವತ್ತು ಎದ್ದು ನಿಂತು, ‘ಬ್ಯಾಡ್ರಿ. ಮುಂದಿನ ಸಲ ಯಾರ ಹೊಲ ಒಣಗತದೋ ಯಾರಿಗಿ ಗೊತ್ತದ’ ಅಂದನಂತೆ. ಅಯ್ಯನವರೇ ಫೋನಿನಲ್ಲಿ ನನಗೆ ಹೇಳಿದರು. ಈಗ ನಮ್ಮ ಸಭೆಯಲ್ಲಿ ಯಾವ ವರ್ಷವೂ ಹೆಸರು ಓದೋದಿಲ್ಲ.